ಕೆನಡಾದ ಪ್ರಯಾಣಿಕ ರೈಲುಗಳ ವೇಗಮಿತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಹಳಿ, ಒಂದೇ ಕಂಪನಿ. ಆದರೂ ಒಂದು ರೈಲಿಗೆ ಗಂಟೆಗೆ 100 ಮೈಲಿ, ಇನ್ನೊಂದಕ್ಕೆ 95. ಯಾಕೆ ಹೀಗೆ?

ವೇಗಮಿತಿ ಅನ್ನುವುದು ಹಳಿಗೆ ಅಂಟಿಸಿದ ಒಂದೇ ಸಂಖ್ಯೆಯಲ್ಲ. ಹಳಿಯ ದರ್ಜೆಗೆ ಒಂದು ಮಿತಿ, ಎಂಜಿನ್ನಿಗೆ ಒಂದು, ಬೋಗಿಗೆ ಒಂದು, ಮುಂದಿನ ತಿರುವಿಗೆ ಒಂದು, ಸಿಗ್ನಲ್ ತೋರಿಸಿದ್ದು ಇನ್ನೊಂದು, ಅವತ್ತಿನ ತಾತ್ಕಾಲಿಕ ಆದೇಶದ್ದು ಮತ್ತೊಂದು. ಇವುಗಳಲ್ಲಿ ಅತಿ ಕಡಿಮೆ ಯಾವುದೋ, ಆ ಕ್ಷಣಕ್ಕೆ ಚಾಲಕ ಪಾಲಿಸಬೇಕಾದದ್ದು ಅದನ್ನೇ. ಬೋಗಿ ತಯಾರಿಸಿದವರು ಹೇಳುವ 200 ಕಿ.ಮೀ. ಆಗಲಿ, ಎಂಜಿನ್ನಿನ ಮಾಹಿತಿ ಪತ್ರದಲ್ಲಿರುವ ಸಂಖ್ಯೆಯಾಗಲಿ ಈ ಸಾಲಿನಲ್ಲಿ ಒಂದು ಮಾತ್ರ. ಕೆಳಗಿನ ಉತ್ತರಗಳೆಲ್ಲ ಈ ಒಂದು ಸೂತ್ರದಿಂದಲೇ ಬಿಡಿಸಿಕೊಳ್ಳುತ್ತವೆ.

ಲೆಕ್ಕ ಮೈಲಿಯಲ್ಲೋ ಕಿಲೋಮೀಟರಿನಲ್ಲೋ?

ಮೈಲಿಯಲ್ಲಿ. ಕೆನಡಾದ ರಸ್ತೆಗಳು ಕಿಲೋಮೀಟರಿಗೆ ಬದಲಾದರೂ ಮುಖ್ಯ ರೈಲುಮಾರ್ಗಗಳು ಇಂದಿಗೂ ಮೈಲಿಯಲ್ಲೇ ನಡೆಯುತ್ತವೆ. ಮೈಲಿಗಂಬ, ವೇಗದ ಫಲಕ, ಚಾಲಕನ ಕೈಯಲ್ಲಿರುವ ವೇಳಾಪಟ್ಟಿ ಪುಸ್ತಕ, ರೇಡಿಯೊದಲ್ಲಿ ಆಡುವ ಮಾತು ಎಲ್ಲವೂ ಮೈಲಿ. ಈ ಬರಹದಲ್ಲೂ ಮೈಲಿಯನ್ನೇ ಇಟ್ಟುಕೊಂಡಿದ್ದೇವೆ. ಕಿಲೋಮೀಟರಿಗೆ ತರಬೇಕಾದರೆ 1.609ರಿಂದ ಗುಣಿಸಿದರೆ ಸಾಕು: 60 ಅಂದರೆ 97, 80 ಅಂದರೆ 129, 95 ಅಂದರೆ 153, 100 ಅಂದರೆ 161 ಕಿ.ಮೀ.

ಹಳಿಯ ದರ್ಜೆ ಅಂದರೇನು? ಯಾವ ದರ್ಜೆಗೆ ಎಷ್ಟು ವೇಗ?

ಸರ್ಕಾರದ ಸಾರಿಗೆ ಇಲಾಖೆಯಾದ ಟ್ರಾನ್ಸ್‌ಪೋರ್ಟ್ ಕೆನಡಾ ಒಪ್ಪಿದ ಹಳಿ ಸುರಕ್ಷತಾ ನಿಯಮಗಳಲ್ಲಿ ಐದು ದರ್ಜೆಗಳಿವೆ. ಮೊದಲ ಸಂಖ್ಯೆ ಗೂಡ್ಸ್ ಗಾಡಿಗೆ, ಎರಡನೆಯದು ಪ್ರಯಾಣಿಕ ಗಾಡಿಗೆ, ಎರಡೂ ಗಂಟೆಗೆ ಮೈಲಿಯಲ್ಲಿ:

- 1ನೇ ದರ್ಜೆ: 10, 15
- 2ನೇ ದರ್ಜೆ: 25, 30
- 3ನೇ ದರ್ಜೆ: 40, 60
- 4ನೇ ದರ್ಜೆ: 60, 80
- 5ನೇ ದರ್ಜೆ: 80, 95

ಐದನೇ ದರ್ಜೆಗೆ ಒಂದು ಅಡಿಟಿಪ್ಪಣಿ ಇದೆ: ಎಲ್‌ಆರ್‌ಸಿ ರೈಲುಗಳಿಗೆ 100. ಇಡೀ ಪಟ್ಟಿಯಲ್ಲಿ ಒಂದು ಬಗೆಯ ಬೋಗಿಯನ್ನು ಹೆಸರು ಹಿಡಿದು ಕರೆದಿರುವುದು ಅಲ್ಲಿ ಮಾತ್ರ.

ದರ್ಜೆ ಅನ್ನುವುದು ಹಳಿಗೆ ಒಮ್ಮೆ ಕೊಟ್ಟು ಮರೆಯುವ ಬಿರುದಲ್ಲ, ಅಳತೆಯಲ್ಲಿ ದಿನದಿನವೂ ಉಳಿಸಿಕೊಳ್ಳಬೇಕಾದದ್ದು. ಎರಡು ಹಳಿಗಳ ನಡುವಿನ ಅಂತರ 1435 ಮಿ.ಮೀ. ಇರಬೇಕು. 1ನೇ ದರ್ಜೆಯಲ್ಲಿ ಅದು 1473 ಮಿ.ಮೀ. ತನಕ ಅಗಲವಾದರೂ ನಡೆಯುತ್ತದೆ, 4 ಮತ್ತು 5ನೇ ದರ್ಜೆಯಲ್ಲಿ 1460ಕ್ಕೆ ನಿಲ್ಲಬೇಕು. ಅಂದರೆ ಗಂಟೆಗೆ 15 ಮೈಲಿಯ ಹಳಿಗೂ 95 ಮೈಲಿಯ ಹಳಿಗೂ ಇರುವ ವ್ಯತ್ಯಾಸ ಒಂದೂಕಾಲು ಸೆಂಟಿಮೀಟರ್, ಕಿರುಬೆರಳಿನ ದಪ್ಪದಷ್ಟು. ಸ್ಲೀಪರುಗಳ ಸ್ಥಿತಿ, ಎರಡು ಹಳಿಗಳ ಎತ್ತರದ ವ್ಯತ್ಯಾಸ, ನೇರ ಹಳಿಯಲ್ಲಿನ ಸೊಟ್ಟ, ಇವಕ್ಕೂ ಪ್ರತಿ ದರ್ಜೆಗೆ ಬೇರೆ ಬೇರೆ ಅಳತೆಗಳಿವೆ.

ಒಂದು ಅಳತೆ ತಪ್ಪಿದರೆ ಆ ತುಂಡಿನ ಹಳಿ ಕೆಳಗಿನ ದರ್ಜೆಗೆ ಇಳಿಯುತ್ತದೆ. ಆದ್ದರಿಂದಲೇ ತಾತ್ಕಾಲಿಕ ವೇಗ ಕಡಿತ ಬಂದಾಗ 80, 60, 30 ಎಂಬ ಸಂಖ್ಯೆಗಳು ಮತ್ತೆ ಮತ್ತೆ ಕಾಣುತ್ತವೆ. ಅವು ಯಾರೋ ಅಂದಾಜಿನಲ್ಲಿ ಹೇಳಿದ್ದಲ್ಲ, ಮೇಲಿನ ಪಟ್ಟಿಯ ಮೆಟ್ಟಿಲುಗಳು.

ಎಲ್‌ಆರ್‌ಸಿಗೆ ಮಾತ್ರ 100 ಯಾಕೆ?

ಎಲ್‌ಆರ್‌ಸಿ ಅಂದರೆ ಹಗುರ, ವೇಗ, ಆರಾಮ. ಇಂಗ್ಲಿಷಿನಲ್ಲೂ ಫ್ರೆಂಚಿನಲ್ಲೂ ಅವೇ ಮೂರು ಅಕ್ಷರ ಹೊಂದುವ ಹಾಗೆ ಇಟ್ಟ ಹೆಸರು. ಅಲ್ಯೂಮಿನಿಯಂ ಮೈ, ತಗ್ಗಾದ ಎತ್ತರ, ಕೆಳಗಿಳಿದ ಗುರುತ್ವ ಕೇಂದ್ರ. ತಿರುವಿನಲ್ಲಿ ಒಳಕ್ಕೆ ಓಲುವ ಯಂತ್ರವೂ ಇತ್ತು. 1981ರಲ್ಲಿ ಸೇವೆಗೆ ಬಂತು. ವಿನ್ಯಾಸದ ವೇಗ ಗಂಟೆಗೆ 125 ಮೈಲಿ. ಸಿಕ್ಕಿದ್ದು 100.

ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ: ಓಲುವುದರಿಂದ ಹಳಿಯ ಮೇಲಿನ ಒತ್ತಡ ಕಡಿಮೆಯಾಗುತ್ತದೆ ಎಂದು. ಹಾಗಿಲ್ಲ. ಬೋಗಿ ಎಷ್ಟೇ ಓಲಲಿ, ಗಾಲಿ ಹೊರಹಳಿಯನ್ನು ತಳ್ಳುವ ಬಲ ವೇಗ ಮತ್ತು ತೂಕದಿಂದಲೇ ಬರುತ್ತದೆ. ಓಲುವಿಕೆ ಕಾಯುವುದು ಒಳಗೆ ಕುಳಿತವರ ಕಾಫಿ ಲೋಟವನ್ನು, ಹಳಿಯನ್ನಲ್ಲ. ಹಳಿಯನ್ನು ಕಾಯುವುದು ಹಗುರ ತೂಕ, ರೈಲು ಮಗುಚದಂತೆ ಹಿಡಿಯುವುದು ತಗ್ಗಿನ ಗುರುತ್ವ ಕೇಂದ್ರ. ಮುಂದೆ ಓಲುವ ಯಂತ್ರವನ್ನು ಬಂದ್ ಮಾಡಿದ ಮೇಲೂ ಈ ಬೋಗಿಗಳು 100ರಲ್ಲಿ ಓಡುತ್ತಾ ಬಂದದ್ದು ಇದೇ ಕಾರಣಕ್ಕೆ.

ಇನ್ನೊಂದು ವಿಷಯ ಬ್ರೇಕು. 95ರಿಂದ 100ಕ್ಕೆ ಏರಿದರೆ ವೇಗ ಶೇ. 5ರಷ್ಟು ಹೆಚ್ಚಾದಂತೆ ಕಾಣುತ್ತದೆ, ಆದರೆ ನಿಲ್ಲಿಸಲು ಬೇಕಾದ ದೂರ ಶೇ. 11ರಷ್ಟು ಬೆಳೆಯುತ್ತದೆ, ಯಾಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಏರುವುದು. ಸಿಗ್ನಲ್ ಕಂಬಗಳ ನಡುವಿನ ಅಂತರ ಮಾತ್ರ ಇದ್ದಷ್ಟೇ ಇರುತ್ತದೆ. ಹಳೆಯ ಅಂತರದಲ್ಲೇ ನಿಲ್ಲಬಲ್ಲ ಬ್ರೇಕು ಇದೆಯೆಂದು ತೋರಿಸದ ಬೋಗಿಗೆ ಆ ಐದು ಮೈಲಿ ಸಿಗುವುದಿಲ್ಲ.

ಬೋಗಿ 100ಕ್ಕೆ ಅರ್ಹ, ಎಂಜಿನ್ ಅಲ್ಲ. ಆಗ?

ಇಡೀ ರೈಲಿಗೆ ಎಂಜಿನ್ನಿನ ಮಿತಿಯೇ ಮಿತಿ. ಸಾಲಿನಲ್ಲಿ ಅತಿ ನಿಧಾನದ ವಾಹನ ಎಲ್ಲಿದ್ದರೂ, ಹಿಂದೆ ಕಟ್ಟಿ ಸುಮ್ಮನೆ ಎಳೆದುಕೊಂಡು ಹೋಗುತ್ತಿದ್ದರೂ, ಲೆಕ್ಕಕ್ಕೆ ಬರುತ್ತದೆ.

ಕೆನಡಾದ ಸರ್ಕಾರಿ ಪ್ರಯಾಣಿಕ ರೈಲು ಕಂಪನಿಯಾದ ವಿಯಾ ರೈಲ್ 2001ರಲ್ಲಿ ಕೊಂಡ 21 ಪಿ42 ಎಂಜಿನ್ನುಗಳ ಗಿಯರ್ ಗಂಟೆಗೆ 110 ಮೈಲಿಗೆ ಹೊಂದಿಸಿದ್ದು. ಎಲ್‌ಆರ್‌ಸಿ ಬೋಗಿಗಳನ್ನು 100ರಲ್ಲಿ ಎಳೆಯುವ ಕೆಲಸ ಅವುಗಳದ್ದಾಯಿತು. 1980ರ ದಶಕದ ಎಫ್40 ಎಂಜಿನ್ನುಗಳು 100ರ ಪಟ್ಟಿಗೆ ಸೇರುವುದಿಲ್ಲ. ಅದೇ ಎಲ್‌ಆರ್‌ಸಿ ಬೋಗಿಗಳ ಮುಂದೆ ಎಫ್40 ನಿಂತರೆ ರೈಲು 95ರೊಳಗೇ ಇರಬೇಕು.

ಎಂಜಿನ್ನಿಗೆ ವೇಗಮಿತಿ ಬರುವುದು ಎಲ್ಲಿಂದ? ಶಕ್ತಿ ಸಾಲದೆಯೇ?

ಶಕ್ತಿಯ ಪ್ರಶ್ನೆ ಆಮೇಲಿನದು. ಮೊದಲು ಬರುವುದು ಗಾಲಿಯ ಆಕ್ಸಲ್‌ಗೆ ಗಿಯರ್ ಮೂಲಕ ಜೋಡಿಸಿದ ವಿದ್ಯುತ್ ಮೋಟರು. ಮೋಟರಿನ ತಿರುಗುವ ಭಾಗದಲ್ಲಿ ತಾಮ್ರದ ಸುರುಳಿಗಳನ್ನು ಪಟ್ಟಿ ಸುತ್ತಿ ಬಿಗಿದಿರುತ್ತಾರೆ. ಮಿತಿ ಮೀರಿ ತಿರುಗಿದರೆ ಹೊರಕ್ಕೆ ಎಸೆಯುವ ಬಲಕ್ಕೆ ಪಟ್ಟಿ ಬಿಚ್ಚಿ, ತಂತಿಗಳು ಕಿತ್ತು ಹಕ್ಕಿಗೂಡಿನ ಹಾಗೆ ಸಿಕ್ಕುಬೀಳುತ್ತವೆ. ಮೋಟರು ಅಲ್ಲಿಗೆ ಮುಗಿಯಿತು. ಗಾಲಿ ಬಿಗಿದುಕೊಂಡು ಉಜ್ಜಿಕೊಂಡು ಹೋಗುವ ಅಪಾಯ ಬೇರೆ.

ಲೆಕ್ಕ ಹಾಕಿ ನೋಡಿ. 40 ಅಂಗುಲದ ಗಾಲಿಯ ಸುತ್ತಳತೆ ಸುಮಾರು 3.19 ಮೀಟರ್. ಗಂಟೆಗೆ 70 ಮೈಲಿಯಲ್ಲಿ ಅದು ನಿಮಿಷಕ್ಕೆ ಸುಮಾರು 590 ಸುತ್ತು ತಿರುಗುತ್ತದೆ. ಗೂಡ್ಸ್ ಎಂಜಿನ್ನಿನಲ್ಲಿ ಸಾಮಾನ್ಯವಾದ 62:15 ಹಲ್ಲುಗಳ ಗಿಯರ್ ಇದ್ದರೆ ಮೋಟರು ನಿಮಿಷಕ್ಕೆ ಸುಮಾರು 2,430 ಸುತ್ತು. ಪ್ರಯಾಣಿಕ ಗಾಡಿಗೆಂದೇ ಮಾಡಿದ 57:20 ಗಿಯರಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಸುತ್ತಿಗೆ ರೈಲು 100 ಮೈಲಿ ಮುಟ್ಟುತ್ತದೆ. ಮೋಟರು ಅದೇ, ಸುತ್ತು ಅದೇ, ಹಲ್ಲುಗಳ ಸಂಖ್ಯೆ ಮಾತ್ರ ಬೇರೆ. ಇದಕ್ಕೆ ಕೊಡುವ ಬೆಲೆ ಎಳೆಯುವ ಬಲ: ವೇಗದ ಗಿಯರ್ ಇರುವ ಎಂಜಿನ್ ಭಾರದ ಗಾಡಿಯನ್ನು ಏರಿನಲ್ಲಿ ನಿಧಾನವಾಗಿ ಎಳೆದರೆ ಮೋಟರು ಬಿಸಿಯಾಗುತ್ತದೆ.

ಎಂಜಿನ್ ಕೆಟ್ಟು ಗೂಡ್ಸ್ ಎಂಜಿನ್ ಬಂದು ಎಳೆದರೆ ಎಷ್ಟು ವೇಗದಲ್ಲಿ ಹೋಗಬಹುದು?

ಸಾಮಾನ್ಯ ಗೂಡ್ಸ್ ಎಂಜಿನ್ 65ರಿಂದ 70 ಮೈಲಿಗೆ ನಿಲ್ಲುತ್ತದೆ. ಬೋಗಿಗಳಿಗೆ ಬೆಳಕು, ಬಿಸಿ, ತಂಪು ಕೊಡುವ ವಿದ್ಯುತ್ ಪ್ರಯಾಣಿಕ ಎಂಜಿನ್ನಿನಿಂದಲೇ ಬರಬೇಕು. ಗೂಡ್ಸ್ ಎಂಜಿನ್ನಿನಲ್ಲಿ ಆ ವ್ಯವಸ್ಥೆ ಇರುವುದಿಲ್ಲ. ಜನವರಿಯಲ್ಲಿ ಹೀಗಾದರೆ ವೇಗಕ್ಕಿಂತ ಮೊದಲು ಯೋಚಿಸಬೇಕಾದದ್ದು ಬೋಗಿಯೊಳಗಿನ ಚಳಿಯನ್ನು ಮತ್ತು ಹೆಪ್ಪುಗಟ್ಟುವ ನೀರಿನ ಕೊಳವೆಗಳನ್ನು.

ಸೀಮೆನ್ಸ್‌ನ ಹೊಸ ವೆಂಚರ್ ರೈಲುಗಳು 125 ಮೈಲಿ ಓಡಬಲ್ಲವಂತೆ. ಅವೂ 100ರಲ್ಲೇ ಯಾಕೆ?

ಹಳಿ, ಸಿಗ್ನಲ್, ಗೇಟು ಹಳೆಯವೇ ಆದ್ದರಿಂದ. ವಿಯಾ 2018ರ ಡಿಸೆಂಬರಿನಲ್ಲಿ 32 ವೆಂಚರ್ ರೈಲುಗಳಿಗೆ ಆರ್ಡರ್ ಕೊಟ್ಟಿತು. ಮೊದಲನೆಯದು 2022ರ ನವೆಂಬರಿನಲ್ಲಿ ಪ್ರಯಾಣಿಕರನ್ನು ಹತ್ತಿಸಿಕೊಂಡಿತು. ಆದರೆ ಐದನೇ ದರ್ಜೆಯ ಮೇಲೆ ನಿಯಮಪುಸ್ತಕದಲ್ಲಿ ಇನ್ನೊಂದು ದರ್ಜೆಯೇ ಇಲ್ಲ. ಎಂಜಿನ್ ಬದಲಾಯಿಸಿದ್ದರಿಂದ ಮೇಲಿನ ಮೆಟ್ಟಿಲು ಹುಟ್ಟಿಕೊಳ್ಳುವುದಿಲ್ಲ.

ಹಳಿ ಯಾರದ್ದು ಅನ್ನುವುದೂ ಮುಖ್ಯ. ವಿಯಾ ಓಡಿಸುವ ಮಾರ್ಗಗಳಲ್ಲಿ ಅದರ ಸ್ವಂತದ್ದು ಸುಮಾರು ಶೇ. 3 ಮಾತ್ರ. ಕೊಟೊದಿಂದ ಒಟ್ಟಾವಾಕ್ಕೆ, ಅಲ್ಲಿಂದ ಸ್ಮಿತ್ಸ್ ಫಾಲ್ಸ್ ಮೇಲೆ ಬ್ರಾಕ್‌ವಿಲ್‌ಗೆ ಹೋಗುವ ಹಳಿಗಳು ಅದರಲ್ಲಿ ಸೇರಿವೆ. ಟೊರಾಂಟೊ–ಮಾಂಟ್ರಿಯಲ್ ನಡುವಿನ ಕಿಂಗ್‌ಸ್ಟನ್ ವಿಭಾಗ ಸಿಎನ್ ಎಂಬ ಗೂಡ್ಸ್ ರೈಲು ಕಂಪನಿಯದ್ದು. ಹಳಿಯ ಒಡೆಯನಿಗೆ ಗೂಡ್ಸ್ ಗಾಡಿಯೇ ಆದಾಯ, ಆ ಗಾಡಿಗೆ 100 ಮೈಲಿಯ ಹಳಿ ಬೇಕಿಲ್ಲ. ಪ್ರಯಾಣಿಕ ರೈಲಿನ ವೇಗದ ಮಾತು ಬಂದಾಗಲೆಲ್ಲ ಹೊಸ ಬೋಗಿಗಳ ಚಿತ್ರ ತೋರಿಸುವವರು ಈ ಸಂಗತಿಯನ್ನು ಮೊದಲು ಹೇಳಬೇಕು.

ವೆಂಚರ್ ರೈಲುಗಳು ಲೆವೆಲ್ ಕ್ರಾಸಿಂಗ್ ಬಳಿ ನಿಧಾನಿಸಬೇಕು ಎಂದದ್ದು ಯಾವ ಕಾರಣಕ್ಕೆ?

ಹಳಿಯಲ್ಲಿ ಸಣ್ಣ ವೋಲ್ಟೇಜಿನ ವಿದ್ಯುತ್ ಹರಿಯುತ್ತಿರುತ್ತದೆ. ರೈಲು ಬಂದಾಗ ಗಾಲಿ ಮತ್ತು ಆಕ್ಸಲ್ ಎರಡು ಹಳಿಗಳನ್ನೂ ಸೇರಿಸಿಬಿಡುತ್ತವೆ. ಅದರಿಂದ ರೈಲು ಬಂತು ಎಂದು ಉಪಕರಣಕ್ಕೆ ಗೊತ್ತಾಗಿ ಗಂಟೆ ಬಾರಿಸುತ್ತದೆ, ದೀಪ ಮಿನುಗುತ್ತದೆ, ಗೇಟು ಬೀಳುತ್ತದೆ. ಈ ಸಂಪರ್ಕ ಸರಿಯಾಗಿ ಆಗದಿದ್ದರೆ ಗೇಟು ತಡವಾಗಿ ಬೀಳಬಹುದು, ಅಥವಾ ಬಿದ್ದದ್ದು ಮಧ್ಯದಲ್ಲೇ ಏಳಬಹುದು.

ಸಂಪರ್ಕ ಕೆಡಲು ಕಾರಣಗಳು ಹಲವು. ಹಳಿಯ ತಲೆಯ ಮೇಲೆ ತುಕ್ಕು, ಉದುರಿದ ಎಲೆಯ ಜಿಗುಟು, ಎಣ್ಣೆಯ ಪೊರೆ. ರೈಲು ಹಗುರವಾದಷ್ಟೂ ಗಾಲಿ ಈ ಪೊರೆಯನ್ನು ಕಡಿದು ಲೋಹ ಮುಟ್ಟುವುದು ಕಷ್ಟ. ಗಾಲಿಯ ಮೈಯನ್ನೇ ಒತ್ತುವ ಬ್ರೇಕು ಕಟ್ಟೆ ಪ್ರತಿ ಸಲ ಅದನ್ನು ಉಜ್ಜಿ ಹೊಳಪಿಡುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಆ ಉಜ್ಜುವಿಕೆ ಇಲ್ಲ. ಎಲ್ಲಕ್ಕಿಂತ ಮೇಲೆ ಆಕ್ಸಲ್‌ಗಳ ಸಂಖ್ಯೆ. ನೂರು ವ್ಯಾಗನ್ನಿನ ಗೂಡ್ಸ್ ಗಾಡಿಗೆ 400 ಆಕ್ಸಲ್, ಹತ್ತು ಕೈಕೊಟ್ಟರೂ ಉಳಿದವು ಕಾಯುತ್ತವೆ. ವೆಂಚರ್ ರೈಲಿಗೆ ಒಂದು ಎಂಜಿನ್, ಐದು ಬೋಗಿ, ಒಟ್ಟು 24 ಆಕ್ಸಲ್.

2024ರ ಅಕ್ಟೋಬರಿನಲ್ಲಿ ಸಿಎನ್ ತನ್ನ ಹಳಿಗಳ ಮೇಲೆ, 32ಕ್ಕಿಂತ ಕಡಿಮೆ ಆಕ್ಸಲ್ ಇರುವ ವೆಂಚರ್ ರೈಲುಗಳು ಕ್ರಾಸಿಂಗ್‌ಗಳ ಬಳಿ ನಿಧಾನಿಸಿ, ಗೇಟು ಬಿದ್ದಿರುವುದನ್ನು ಚಾಲಕ ಕಣ್ಣಾರೆ ಕಂಡ ಮೇಲೆ ಮುಂದುವರಿಯಬೇಕು ಎಂದಿತು. ನೂರಾರು ಕ್ರಾಸಿಂಗ್‌ಗಳಿರುವ ಮಾರ್ಗ ಅದು. ಒಂದೊಂದರಲ್ಲಿ ಸ್ವಲ್ಪ ಸ್ವಲ್ಪ ಹೋದರೂ ಕೊನೆಗೆ ರೈಲು ತಡ. ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು.

ಗೇಟಿನ ಲೆಕ್ಕ ತಿಳಿದಿದ್ದರೆ ಈ ಎಚ್ಚರ ಅರ್ಥವಾಗುತ್ತದೆ. ರೈಲು ಬರುವ ಕನಿಷ್ಠ 20 ಸೆಕೆಂಡ್ ಮೊದಲು ಎಚ್ಚರಿಕೆ ಶುರುವಾಗಬೇಕು. 60 ಮೈಲಿಯ ರೈಲು ಅಷ್ಟು ಹೊತ್ತಿನಲ್ಲಿ 536 ಮೀಟರ್ ಬರುತ್ತದೆ, 100 ಮೈಲಿಯದು 894 ಮೀಟರ್. ಅಂದರೆ ಗೇಟು ರೈಲನ್ನು ಗುರುತಿಸಬೇಕಾದದ್ದು ಒಂದು ಕಿಲೋಮೀಟರಿನಷ್ಟು ದೂರದಲ್ಲಿ, ಅದೂ ಎಡೆಬಿಡದೆ.

ಹಳೆಯ ಆರ್‌ಡಿಸಿ ಗಾಡಿಗಳಿಗೂ ಇದೇ ತೊಂದರೆಯೇ?

ಹೌದು. ಬಡ್ ಕಂಪನಿ 1950ರ ದಶಕದಲ್ಲಿ ಮಾಡಿದ ಈ ಸ್ಟೇನ್‌ಲೆಸ್ ಸ್ಟೀಲ್ ಡೀಸೆಲ್ ಬೋಗಿಗಳಿಗೆ ಎಂಜಿನ್ ಹೊಟ್ಟೆಯ ಕೆಳಗೇ ಇದೆ. ಗಂಟೆಗೆ 85 ಮೈಲಿಗೆ ಮಾಡಿದ್ದು. ಒಂಟಿಯಾಗಿ ಓಡಿದರೆ ನಾಲ್ಕೇ ಆಕ್ಸಲ್, ಜೋಡಿಯಾದರೆ ಎಂಟು. ಆಂಟೇರಿಯೊದ ಸಡ್‌ಬರಿ–ವೈಟ್ ರಿವರ್ ಮಾರ್ಗದಲ್ಲಿ ಇವು ಓಡುತ್ತವೆ. ಅಲ್ಲಿನ ಕಾಡು, ಬಂಡೆ, ಸರೋವರ ಸುತ್ತುವ ತಿರುವುಗಳಲ್ಲಿ 85ರ ಮಾತೇ ಬರುವುದಿಲ್ಲ.

ತಿರುವಿನ ವೇಗವನ್ನು ಹೇಗೆ ಲೆಕ್ಕ ಹಾಕುತ್ತಾರೆ?

ಮೂರು ಅಂಶ ಬೇಕು. ಒಂದು, ತಿರುವಿನ ಡಿಗ್ರಿ: ನೂರು ಅಡಿ ಸಾಗುವಷ್ಟರಲ್ಲಿ ಹಳಿ ಎಷ್ಟು ಡಿಗ್ರಿ ಹೊರಳಿತು ಎಂಬುದು. 1 ಡಿಗ್ರಿ ಅಂದರೆ ಸುಮಾರು 1,746 ಮೀಟರ್ ತ್ರಿಜ್ಯ, 2 ಡಿಗ್ರಿ ಅಂದರೆ 873. ಎರಡು, ಹೊರಹಳಿಯನ್ನು ಒಳಹಳಿಗಿಂತ ಎಷ್ಟು ಅಂಗುಲ ಎತ್ತರಿಸಿದ್ದಾರೆ. ಮೂರು, ಎಷ್ಟು ಅಂಗುಲದ ಕೊರತೆಯನ್ನು ಆ ರೈಲಿಗೆ ಬಿಡುತ್ತಾರೆ; ಕೊರತೆ ಅಂದರೆ ಆ ವೇಗಕ್ಕೆ ಬೇಕಾದ ಎತ್ತರಕ್ಕಿಂತ ಇರುವ ಎತ್ತರ ಎಷ್ಟು ಕಡಿಮೆ ಎಂಬುದು. ಸಾಮಾನ್ಯ ಬೋಗಿಗೆ ಈ ಕೊರತೆ 3 ಅಂಗುಲ.

ಎತ್ತರವನ್ನೂ ಕೊರತೆಯನ್ನೂ ಕೂಡಿಸಿ. ಡಿಗ್ರಿಯನ್ನು 0.0007ರಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಬಂದದ್ದು ಗಂಟೆಗೆ ಮೈಲಿ.

2 ಡಿಗ್ರಿ ತಿರುವು, 4 ಅಂಗುಲ ಎತ್ತರ, 3 ಅಂಗುಲ ಕೊರತೆ: 7ನ್ನು 0.0014ರಿಂದ ಭಾಗಿಸಿದರೆ 5,000, ವರ್ಗಮೂಲ 70.7. ಕೆಳಕ್ಕಿಳಿಸಿ 70 ಅನ್ನುತ್ತಾರೆ. ಅದೇ ತಿರುವಿನಲ್ಲಿ 5 ಅಂಗುಲ ಕೊರತೆ ತಡೆಯಬಲ್ಲ ಬೋಗಿ ಇದ್ದರೆ 80. ಹಳಿಗೆ ಕೈ ಹಚ್ಚದೆ ಹತ್ತು ಮೈಲಿ ಗಳಿಕೆ. ಒಂದೇ ತಿರುವಿಗೆ ಬೋಗಿಯ ಬಗೆ ನೋಡಿ ಎರಡು ಸಂಖ್ಯೆ ಬರೆಯುವುದು ಇದರಿಂದಲೇ.

ಹಾಗಾದರೆ ಹೊರಹಳಿಯನ್ನೇ ಇನ್ನಷ್ಟು ಎತ್ತರಿಸಬಾರದೇ? ಆ ಹಳಿಯ ಮೇಲೆ ಗೂಡ್ಸ್ ಗಾಡಿಯೂ ಹೋಗಬೇಕು. 40 ಮೈಲಿಯಲ್ಲಿ ಹೋಗುವ ಗೂಡ್ಸ್‌ಗೆ ಆ ತಿರುವಿನಲ್ಲಿ ಬೇಕಾದ ಎತ್ತರ ಎರಡೂಕಾಲು ಅಂಗುಲ. 4 ಅಂಗುಲ ಇದ್ದರೆ ಅದರ ಭಾರವೆಲ್ಲ ಒಳಹಳಿಗೆ ವಾಲುತ್ತದೆ. ವರ್ಷಗಟ್ಟಲೆ ಹೀಗಾದರೆ ಒಳಹಳಿಯ ತಲೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ.

ಸಿಗ್ನಲ್ ತೋರಿಸುವ ವೇಗಗಳು ಯಾವುವು?

ಕೆನಡಾದ ಸಿಗ್ನಲ್ ಹೋಗು, ನಿಲ್ಲು ಎಂದಷ್ಟೇ ಹೇಳುವುದಿಲ್ಲ, ವೇಗವನ್ನೂ ಹೇಳುತ್ತದೆ. ಲಿಮಿಟೆಡ್ ಅಂದರೆ 45 ಮೈಲಿ, ಮೀಡಿಯಂ 30, ಡೈವರ್ಜಿಂಗ್ 25, ಸ್ಲೋ 15. ರಿಸ್ಟ್ರಿಕ್ಟೆಡ್ ಎಂಬುದು ಬೇರೆ ಜಾತಿ: ಕಣ್ಣಿಗೆ ಕಾಣುವ ದೂರದ ಅರ್ಧದೊಳಗೆ ನಿಲ್ಲಿಸಬಲ್ಲಂತೆ ಹೋಗಬೇಕು, ಹೇಗಿದ್ದರೂ 15 ದಾಟಬಾರದು.

ಬೋಗಿ ಎಷ್ಟೇ ಉತ್ತಮವಾಗಿರಲಿ, ಇಲ್ಲಿ ಅದಕ್ಕೆ ರಿಯಾಯಿತಿ ಇಲ್ಲ. ಒಂದು ಹಳಿಯಿಂದ ಪಕ್ಕದ ಹಳಿಗೆ ದಾಟಿಸುವ ಪಾಯಿಂಟುಗಳಲ್ಲಿ ಹೊರಹಳಿಯ ಎತ್ತರವೇ ಇರುವುದಿಲ್ಲ, ತಿರುವು ಮಾತ್ರ ತೀಕ್ಷ್ಣ. 2012ರ ಫೆಬ್ರವರಿ 26ರಂದು ಆಂಟೇರಿಯೊದ ಬರ್ಲಿಂಗ್ಟನ್ನಿನಲ್ಲಿ, ನಯಾಗರಾ ಫಾಲ್ಸ್‌ನಿಂದ ಟೊರಾಂಟೊಗೆ ಹೊರಟಿದ್ದ ವಿಯಾ 92ನೇ ರೈಲು ಅಂಥ ದಾಟುಹಳಿಯನ್ನು 67 ಮೈಲಿಯಲ್ಲಿ ಹೊಕ್ಕಿತು. ಅಲ್ಲಿನ ಮಿತಿ 15. ಎಂಜಿನ್ನಿನಲ್ಲಿದ್ದ ಮೂವರು ಸಿಬ್ಬಂದಿಯೂ ತೀರಿಕೊಂಡರು, ಹತ್ತಾರು ಪ್ರಯಾಣಿಕರು ಗಾಯಗೊಂಡರು. ನಿಧಾನಿಸಲು ಹೇಳುವ ಸಿಗ್ನಲ್ ಹಿಂದೆಯೇ ಇತ್ತು. ಅದನ್ನು ತಪ್ಪಾಗಿ ಗ್ರಹಿಸಿದರೆ ರೈಲನ್ನು ತಾನಾಗಿ ತಡೆಯುವ ವ್ಯವಸ್ಥೆ ಇರಲಿಲ್ಲ. ತನಿಖೆ ನಡೆಸಿದ ಸಾರಿಗೆ ಸುರಕ್ಷತಾ ಮಂಡಳಿ ಅಂಥ ವ್ಯವಸ್ಥೆ ಬೇಕೆಂದೂ ಎಂಜಿನ್ನಿನಲ್ಲಿ ಧ್ವನಿ ಮತ್ತು ದೃಶ್ಯ ದಾಖಲಿಸುವ ಉಪಕರಣ ಬೇಕೆಂದೂ ಶಿಫಾರಸು ಮಾಡಿತು. ದಾಖಲಿಸುವ ಉಪಕರಣ 2022ರಲ್ಲಿ ಕಡ್ಡಾಯವಾಯಿತು. ತಡೆಯುವ ವ್ಯವಸ್ಥೆ ಅದಕ್ಕಿಂತ ಮೊದಲು ಬರಬೇಕಿತ್ತು.

ಅಮೆರಿಕದಲ್ಲಿ 79 ಮೈಲಿ ಎಂದು ಕೇಳಿದ್ದೇವೆ. ಕೆನಡಾದಲ್ಲಿ ಆ ಮಿತಿ ಇಲ್ಲವೇ?

ಇಲ್ಲ. ಅಮೆರಿಕದಲ್ಲಿ ಎಂಜಿನ್ನಿನೊಳಗೆ ಸಿಗ್ನಲ್ ತೋರಿಸುವ ಅಥವಾ ರೈಲನ್ನು ತಾನಾಗಿ ನಿಲ್ಲಿಸುವ ವ್ಯವಸ್ಥೆ ಇಲ್ಲದೆ 80 ಮುಟ್ಟುವ ಹಾಗಿಲ್ಲ. ಕೆನಡಾ ಆ ಷರತ್ತು ಹಾಕಲಿಲ್ಲ. ಹಳಿಪಕ್ಕದ ಸಿಗ್ನಲ್ ಕಂಬಗಳನ್ನೇ ನೋಡಿಕೊಂಡು 95, 100ರಲ್ಲಿ ಓಡಿಸುತ್ತಾರೆ.

ಬಿಸಿಲಿಗೂ ವೇಗಕ್ಕೂ ಏನು ಸಂಬಂಧ?

ಬೆಸೆದ ಉದ್ದ ಹಳಿಗೆ ಹಿಗ್ಗಲು ಜಾಗವಿಲ್ಲ. ಒಂದು ಕಿಲೋಮೀಟರ್ ಹಳಿಯನ್ನು ಬಿಡುವಾಗಿ ಇಟ್ಟರೆ 60 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಸುಮಾರು 70 ಸೆಂ.ಮೀ. ಉದ್ದವಾಗುತ್ತದೆ. ಕಟ್ಟಿಹಾಕಿದ್ದರಿಂದ ಆ ಹಿಗ್ಗು ಒತ್ತಡವಾಗಿ ಒಳಗೇ ಉಳಿಯುತ್ತದೆ. ಜಲ್ಲಿ ಸಡಿಲವಾದ ಕಡೆ, ಹೊಸದಾಗಿ ಸ್ಲೀಪರ್ ಬದಲಿಸಿದ ಕಡೆ ಹಳಿ ಪಕ್ಕಕ್ಕೆ ಹಾವಿನ ಹಾಗೆ ಡೊಂಕಾಗಬಹುದು. ಕೊರೆಯುವ ಚಳಿಯಲ್ಲಿ ಇದರ ತಿರುಗಾಮುರುಗಾ: ಹಳಿ ಕುಗ್ಗಲು ಎಳೆದು ಬೆಸುಗೆಯ ಬಳಿ ತುಂಡಾಗುತ್ತದೆ. ಒಳ್ಳೆಯ ಹಳಿಯಲ್ಲಿ ಬಿಸಿಲಿನ ಕಡಿತ ಸ್ವಲ್ಪವೇ. ಕೆಳದರ್ಜೆಯ ಹಳಿಯಲ್ಲಿ ತೀವ್ರ: ನ್ಯೂಯಾರ್ಕ್–ಮಾಂಟ್ರಿಯಲ್ ನಡುವಿನ ಅಡಿರಾಂಡಾಕ್ ರೈಲಿಗೆ ಗಡಿಯ ಈಚೆ, 30 ಡಿಗ್ರಿ ಮುಟ್ಟಿದ ದಿನ ಗಂಟೆಗೆ 10 ಮೈಲಿ ಎಂಬ ಮಿತಿ ಬಂದು, 2023ರ ಬೇಸಿಗೆಯಲ್ಲಿ ಆ ರೈಲನ್ನು ಮಾಂಟ್ರಿಯಲ್ ತನಕ ಓಡಿಸುವುದನ್ನೇ ನಿಲ್ಲಿಸಬೇಕಾಯಿತು.

ತಾತ್ಕಾಲಿಕ ಕಡಿತ ಚಾಲಕನಿಗೆ ಹೇಗೆ ತಿಳಿಯುತ್ತದೆ?

ಹೊರಡುವ ಮೊದಲೇ ಕೈಗೆ ಬರುವ ಆದೇಶ ಪಟ್ಟಿಯಲ್ಲಿ ಎಷ್ಟನೇ ಮೈಲಿಯಿಂದ ಎಷ್ಟನೆಯದಕ್ಕೆ, ಎಷ್ಟು ವೇಗ ಎಂದು ಬರೆದಿರುತ್ತದೆ. ಹಳಿಪಕ್ಕದಲ್ಲಿ ಎರಡು ಮೈಲಿ ಮೊದಲು ಹಳದಿ ಬಾವುಟ, ಮುಗಿದ ಜಾಗದಲ್ಲಿ ಹಸಿರು. ಹಸಿರು ಎಂಜಿನ್ನಿಗೆ ಕಂಡ ತಕ್ಷಣ ವೇಗ ಏರಿಸುವ ಹಾಗಿಲ್ಲ. ಕೊನೆಯ ಬೋಗಿಯ ಕೊನೆಯ ಗಾಲಿ ಆ ಜಾಗ ದಾಟಬೇಕು.

95 ಬದಲು 100 ಕೊಟ್ಟರೆ ಎಷ್ಟು ಸಮಯ ಉಳಿಯುತ್ತದೆ?

ನೂರು ಮೈಲಿಗೆ 3 ನಿಮಿಷ ಚಿಲ್ಲರೆ. ಈಗ ಒಂದೇ ಒಂದು ತಾತ್ಕಾಲಿಕ ಕಡಿತದ ಲೆಕ್ಕ ನೋಡಿ: ಒಂದು ಮೈಲಿ ಉದ್ದ, ಮಿತಿ 30. ಆ ಮೈಲಿಗೆ 36 ಸೆಕೆಂಡಿನ ಬದಲು 2 ನಿಮಿಷ. ಅದಕ್ಕೆ ಮೊದಲು ಬ್ರೇಕು ಹಾಕಿದ್ದಕ್ಕೆ ಅರ್ಧ ನಿಮಿಷದ ಹತ್ತಿರ, ಮತ್ತೆ 100ಕ್ಕೆ ಏರುವಾಗ ಒಂದು ನಿಮಿಷಕ್ಕೂ ಹೆಚ್ಚು. ಒಟ್ಟು ನಷ್ಟ ಸುಮಾರು 3 ನಿಮಿಷ. ನೂರು ಮೈಲಿ ಪೂರ್ತಿ ಹೆಚ್ಚಿನ ವೇಗದಲ್ಲಿ ಓಡಿ ಗಳಿಸಿದ್ದನ್ನು ಒಂದು ಮೈಲಿ ಕೆಟ್ಟ ಹಳಿ ತಿಂದುಬಿಟ್ಟಿತು. ಹಣ ಎಲ್ಲಿಗೆ ಹಾಕಬೇಕು ಎಂದು ಕೇಳಿದರೆ ಉತ್ತರ ಈ ಲೆಕ್ಕದಲ್ಲೇ ಇದೆ: ಮೊದಲು ನಿಧಾನದ ಮೈಲಿಗಳನ್ನು ತೆಗೆಯಬೇಕು, ಆಮೇಲೆ ಗರಿಷ್ಠ ವೇಗದ ಮಾತು.

ಕೆನಡಾದಲ್ಲಿ ಇದುವರೆಗೆ ಅತಿ ವೇಗವಾಗಿ ಓಡಿದ ರೈಲು ಯಾವುದು?

ಟರ್ಬೊ. 1976ರ ಏಪ್ರಿಲ್ 22ರಂದು ಆಂಟೇರಿಯೊದ ಗನನಾಕ್ವೆ ಬಳಿ ಗಂಟೆಗೆ 140.6 ಮೈಲಿ, ಅಂದರೆ 226 ಕಿ.ಮೀ. ಮುಟ್ಟಿತು. ಅನಿಲ ಟರ್ಬೈನ್ ಎಂಜಿನ್, ತಗ್ಗಾದ ಮೈ, ಓಲುವ ಬೋಗಿ. ಅದೇ ರೈಲು ಪ್ರಯಾಣಿಕರನ್ನು ಕೂರಿಸಿಕೊಂಡು ಹೋಗುವಾಗ 95 ಮೀರುತ್ತಿರಲಿಲ್ಲ. 1982ರ ಅಕ್ಟೋಬರ್ 31ಕ್ಕೆ ಕೊನೆಯ ಓಟ.

ಕೆನೇಡಿಯನ್, ಚರ್ಚಿಲ್ ರೈಲುಗಳು ಯಾಕೆ ಅಷ್ಟು ನಿಧಾನ?

ಟೊರಾಂಟೊ–ವ್ಯಾಂಕೂವರ್ ನಡುವಿನ 4,466 ಕಿ.ಮೀ. ಓಡುವ ಕೆನೇಡಿಯನ್‌ನ ಬೋಗಿಗಳು 1954–55ರವು, ಗಟ್ಟಿಮುಟ್ಟು. ಬಯಲುಸೀಮೆಯ ಹಳಿಯಲ್ಲಿ ಚೆನ್ನಾಗಿಯೇ ಓಡುತ್ತವೆ. ತಡವಾಗುವುದು ಎದುರು ಗಾಡಿಗೆ ದಾರಿ ಬಿಡುವಾಗ. ಒಂಟಿ ಹಳಿಯ ಮಾರ್ಗದಲ್ಲಿ ಗೂಡ್ಸ್ ಗಾಡಿ ಪಕ್ಕದ ಹಳಿಗಿಂತ ಉದ್ದ ಇದ್ದರೆ ಅದು ಪಕ್ಕಕ್ಕೆ ಸರಿಯಲಾರದು. ಪ್ರಯಾಣಿಕ ರೈಲೇ ನಿಧಾನಿಸಿ, ಪಾಯಿಂಟು ದಾಟಿ, ನಿಂತು ಕಾಯಬೇಕು.

ವಿನಿಪೆಗ್–ಚರ್ಚಿಲ್ ಕಥೆ ಬೇರೆ. ಸುಮಾರು 1,700 ಕಿ.ಮೀ.ಗೆ ಎರಡು ರಾತ್ರಿ. ಉತ್ತರದ ತುದಿಯಲ್ಲಿ ಹಳಿ ಮಲಗಿರುವುದು ಹೆಪ್ಪುಗಟ್ಟಿದ ನೆಲ ಮತ್ತು ಜೌಗಿನ ಮೇಲೆ. ಮಂಜು ಕರಗಿದಲ್ಲಿ ನೆಲ ಕುಸಿಯುತ್ತದೆ, ಹಳಿ ಅಲೆಯ ಹಾಗೆ ಏರಿಳಿಯುತ್ತದೆ. ಅಲ್ಲಿ ಮಿತಿ ಹೇಳುವುದು ಬೋಗಿಯಲ್ಲ, ಎಂಜಿನ್ನೂ ಅಲ್ಲ, ನೆಲ. 2017ರ ಮೇ ತಿಂಗಳ ನೆರೆಗೆ ಹಳಿಯ ಅಡಿಪಾಯ ಅನೇಕ ಕಡೆ ಕೊಚ್ಚಿಹೋಗಿ, ಪ್ರಯಾಣಿಕ ರೈಲು ಮತ್ತೆ ಚರ್ಚಿಲ್ ತಲುಪಿದ್ದು 2018ರ ಡಿಸೆಂಬರಿನಲ್ಲಿ.

ಗಂಟೆಗೆ 300 ಕಿ.ಮೀ. ರೈಲು ಬರುತ್ತದಂತೆ?

2025ರ ಫೆಬ್ರವರಿಯಲ್ಲಿ ಘೋಷಣೆಯಾದ ಆಲ್ಟೊ ಯೋಜನೆ ಅದು. ಟೊರಾಂಟೊದಿಂದ ಕ್ವಿಬೆಕ್ ನಗರಕ್ಕೆ ಸುಮಾರು 1,000 ಕಿ.ಮೀ. ಪ್ರಯಾಣಿಕ ರೈಲಿಗಾಗಿಯೇ ಬೇರೆ, ವಿದ್ಯುತ್ ಹಳಿ. ಮೇಲೆ ಹೇಳಿದ ತಿರುವಿನ ಎತ್ತರದ ಜಗಳ, ಆಕ್ಸಲ್ ಲೆಕ್ಕ, ಗೂಡ್ಸ್‌ಗೆ ದಾರಿ ಬಿಡುವುದು ಎಲ್ಲಕ್ಕೂ ಪರಿಹಾರ ಇರುವುದು ಹಳಿ ಬೇರೆ ಮಾಡುವುದರಲ್ಲೇ. ಇದಕ್ಕೆ ವೇಗದ ನಿಯಮಗಳನ್ನೂ ಹೊಸದಾಗಿ ಬರೆಯಬೇಕು.

ಕಿಟಕಿ ಪಕ್ಕ ಕುಳಿತು ರೈಲಿನ ವೇಗ ಅಳೆಯುವುದು ಹೇಗೆ?

ಹಳಿಪಕ್ಕದ ಮೈಲಿಗಂಬ ನೋಡಿ. ಒಂದು ಕಂಬ ಕಿಟಕಿಯ ಅಂಚಿಗೆ ಬಂದಾಗ ಫೋನಿನ ಸ್ಟಾಪ್‌ವಾಚ್ ಒತ್ತಿ, ಮುಂದಿನದು ಅದೇ ಅಂಚಿಗೆ ಬಂದಾಗ ನಿಲ್ಲಿಸಿ. 3,600ನ್ನು ಆ ಸೆಕೆಂಡುಗಳಿಂದ ಭಾಗಿಸಿ. 36 ಸೆಕೆಂಡ್ ಆದರೆ 100 ಮೈಲಿ, 38 ಆದರೆ ಸುಮಾರು 95, 45 ಆದರೆ 80, 60 ಆದರೆ 60. ಈ ವೇಗದಲ್ಲಿ ಒಂದು ಸೆಕೆಂಡ್ ತಪ್ಪಿದರೂ ಉತ್ತರ ಮೂರು ಮೈಲಿಯ ಹತ್ತಿರ ಆಚೀಚೆ ಆಗುತ್ತದೆ. ಮಾರ್ಗ ಬದಲಾದ ಕಡೆ ಎರಡು ಕಂಬಗಳ ನಡುವೆ ಸರಿಯಾಗಿ ಒಂದು ಮೈಲಿ ಇರುವುದೂ ಇಲ್ಲ. ಆದ್ದರಿಂದ ಮೂರು ಕಂಬ ಬಿಟ್ಟು ನಾಲ್ಕನೆಯದರ ತನಕ ಅಳೆದು, ಬಂದ ಸಮಯವನ್ನು ದಾಟಿದ ಮೈಲಿಗಳ ಸಂಖ್ಯೆಯಿಂದ ಭಾಗಿಸಿ. ಹೊರಡುವಾಗ ಮುಂದಿರುವುದು ಯಾವ ಎಂಜಿನ್ ಎಂದು ಪ್ಲಾಟ್‌ಫಾರ್ಮಿನಲ್ಲೇ ನೋಡಿಟ್ಟುಕೊಂಡಿದ್ದರೆ, 36 ಬರುತ್ತದೋ 38 ಬರುತ್ತದೋ ಮೊದಲೇ ಹೇಳಬಹುದು.